ಒಂದು ರವಿವಾರಕ್ಕೆ ಒಂದೇ ಊರು

ಬಾಗಲಕೋಟೆಯ ನವನಗರದಲ್ಲಿ ಮನೆ ಮಾಡಿಕೊಂಡವರಿಗೆ ನೋಡುವ ಸ್ಥಳಗಳ ಕೊರತೆಯಿಲ್ಲ. ತೊಂದರೆಯಿರುವುದೇ ಅವು ಹೆಚ್ಚಾಗಿರುವುದರಲ್ಲಿ. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ ಎಲ್ಲವೂ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವಷ್ಟು ಹತ್ತಿರ ಇರುವುದರಿಂದ, ಬೆಂಗಳೂರಿನಿಂದ ಬಂದ ನೆಂಟರು ಇಷ್ಟನ್ನೂ ಒಂದೇ ದಿನದಲ್ಲಿ ತೋರಿಸಿ ಎನ್ನುತ್ತಾರೆ, ನಾವೂ ಸಂಕೋಚಕ್ಕೆ ಹೂಂ ಎನ್ನುತ್ತೇವೆ. ಎರಡು ವರ್ಷಗಳ ಹಿಂದೆ ಯಾವ ನೆಂಟರ ಒತ್ತಾಯವೂ ಇಲ್ಲದೆ ನಾವೇ ಆ ತಪ್ಪು ಮಾಡಿದೆವು. ಬೆಳಿಗ್ಗೆ ಆರಕ್ಕೆ ಹೊರಟು ನಾಲ್ಕು ಊರು ಮುಗಿಸಿ ಐಹೊಳೆಯ ದುರ್ಗ ಗುಡಿಯ ಮುಂದೆ ಬಂದು ನಿಲ್ಲುವಷ್ಟರಲ್ಲಿ ಮಗ ಕಾರಿನಿಂದ ಇಳಿಯಲು ಒಪ್ಪಲಿಲ್ಲ, ಅತ್ತೆಯವರು ಮಾತು ನಿಲ್ಲಿಸಿ ಒಂದು ತಾಸಾಗಿತ್ತು, ಊಟಕ್ಕೆಂದು ಅವಸರದಲ್ಲಿ ನುಗ್ಗಿದ ಹೊಟೇಲಿನ ಪನೀರ್ ಪಲ್ಯ ಎಲ್ಲರ ಹೊಟ್ಟೆಯಲ್ಲಿ ಕುದಿಯುತ್ತಿತ್ತು. ಆ ಗುಡಿಯ ಹೆಸರು ದುರ್ಗಾದೇವಿಯಿಂದ ಬಂದದ್ದಲ್ಲ, ಅದರ ಪಕ್ಕದಲ್ಲಿದ್ದ ದುರ್ಗದಿಂದ, ಅಂದರೆ ಕೋಟೆಯಿಂದ ಬಂದದ್ದು ಎಂದು ನಾನು ಓದಿಕೊಂಡು ಹೋಗಿದ್ದ ವಿಷಯವನ್ನು ಕೇಳಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಅಂದು ರಾತ್ರಿ ಅತ್ತೆಯವರು ಒಂದು ಕಾಯಿದೆ ಮಾಡಿದರು: ಒಂದು ರವಿವಾರಕ್ಕೆ ಒಂದೇ ಊರು, ಮತ್ತು ಹೋದಲ್ಲಿ ಕನಿಷ್ಠ ಮೂರು ತಾಸು ಕೂಡಬೇಕು. ಕೂತು ಏನು ಮಾಡುವುದು ಎಂದು ಯಜಮಾನರು ಕೇಳಿದಾಗ, ನನಗೆ ಕಸೂತಿ ಇದೆ, ನಿಮ್ಮದು ನೀವು ನೋಡಿಕೊಳ್ಳಿರಿ ಎಂದರು. ಹೀಗೆ ನಮ್ಮ ಮನೆಯಲ್ಲಿ ಹವ್ಯಾಸಗಳು ಹುಟ್ಟಿಕೊಂಡವು. ಅದಕ್ಕೂ ಮೊದಲು ಇದ್ದದ್ದು ಅತ್ತೆಯವರೊಬ್ಬರಿಗೆ. ಮಗಳು ಚಿತ್ರದ ಪುಸ್ತಕ ಹಿಡಿದಳು, ನಾನು ತಮ್ಮನ ಹಳೆಯ ಬೈನಾಕ್ಯುಲರ್ ತರಿಸಿಕೊಂಡೆ, ಯಜಮಾನರು ಒಂದು ವಹಿ ಕೊಂಡು ಅದರಲ್ಲಿ ಖಾನಾವಳಿಗಳ ಲೆಕ್ಕ ಬರೆಯತೊಡಗಿದರು.

ಆ ವಹಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಬಸವೇಶ್ವರರ ಹೆಸರಿಟ್ಟುಕೊಂಡ ಖಾನಾವಳಿಗಳು ಈ ಭಾಗದ ಊರೂರಿನಲ್ಲೂ ಇರುವುದರಿಂದ ಅವರು ಹೆಸರಿನಿಂದ ಗುರುತಿಸುವುದಿಲ್ಲ, ಎದುರಿಗಿರುವ ಗಿಡದಿಂದಲೋ ಕಿರಾಣಿ ಅಂಗಡಿಯಿಂದಲೋ ಗುರುತಿಸುತ್ತಾರೆ. ಬೇವಿನ ಗಿಡದ ಖಾನಾವಳಿ ಎಂದರೆ ನಮಗೆಲ್ಲ ಗೊತ್ತು. ಹೊರಗಿನಿಂದ ಬಂದವರು ಎಣ್ಣೆಗಾಯಿಯ ರುಚಿ ನೋಡಿ ಖಾನಾವಳಿಯನ್ನು ಹೊಗಳುತ್ತಾರೆ, ಆದರೆ ಶೇಂಗಾ, ಎಳ್ಳು, ಒಣಕೊಬ್ಬರಿಯ ಮಸಾಲೆ ತುಂಬಿದ ಎಳೆ ಬದನೆಕಾಯಿಯನ್ನು ಕೆಡಿಸುವುದು ಕಷ್ಟವೆಂಬುದು ಯಜಮಾನರ ವಾದ. ಅವರ ಪರೀಕ್ಷೆಯೆಲ್ಲ ಜುಣಕದ ಮೇಲೆ. ಕಡಲೆ ಹಿಟ್ಟಿನ ಹಸಿ ವಾಸನೆ ಹೋಗಿರಬೇಕು, ಆದರೆ ಅದು ಬಾಯಿ ಒಣಗಿಸಬಾರದು. ಉಳ್ಳಾಗಡ್ಡಿ ಬೆಂದಿರಬೇಕು, ಕರಗಿರಬಾರದು. ಎರಡನೆಯ ಪರೀಕ್ಷೆ ರೊಟ್ಟಿಯ ಸಪ್ಪಳದ್ದು. ಒಳಗಿನಿಂದ ರೊಟ್ಟಿ ಬಡಿಯುವ ಪಟಪಟ ಸದ್ದು ಕೇಳಿಸಿದರೆ ಕೂಡುತ್ತಾರೆ, ಕೇಳಿಸದಿದ್ದರೆ ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿಯಾದರೂ ಇದೆಯೇ ಎಂದು ವಿಚಾರಿಸಿ, ಇಲ್ಲವೆಂದರೆ ಎದ್ದು ಬರುತ್ತಾರೆ. ತಾಟಿನ ಬದಿಗೆ ಹಸಿ ಮೆಂತ್ಯದ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ ಬಾರದಿದ್ದರೆ ಅರ್ಧ ಅಂಕ ಕಡಿತ. ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಎರಡೂ ಬಂದರೆ ಆ ಅರ್ಧ ಅಂಕ ಮರಳಿ ಸಿಗುತ್ತದೆ. ಐವತ್ತರ ಹೊಸ್ತಿಲಲ್ಲಿರುವ ಮನುಷ್ಯನೊಬ್ಬ ಇಷ್ಟು ಗಂಭೀರವಾಗಿ ಕಡಲೆ ಹಿಟ್ಟಿನ ವಿಚಾರ ಮಾಡುವುದನ್ನು ನೋಡಿ ನಾನು ಮೊದಮೊದಲು ನಗುತ್ತಿದ್ದೆ. ಈಗ ಎಲ್ಲಿ ಉಣ್ಣಬೇಕೆಂದು ನಾನೇ ಆ ವಹಿ ತೆಗೆದು ನೋಡುತ್ತೇನೆ.

ಐಹೊಳೆಗೆ ಎರಡನೆಯ ಸಲ ಹೋದಾಗ ಬೇರೆ ಊರೇ ಕಂಡಂತಾಯಿತು. ಮೇಗುತಿ ಗುಡ್ಡ ಹತ್ತಿ, ಇಮ್ಮಡಿ ಪುಲಕೇಶಿಯ ಗೆಲುವುಗಳನ್ನು ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನದ ಮುಂದೆ ನಿಂತಿದ್ದೆವು; ಮಗಳು ಅದರ ಅಕ್ಷರಗಳಲ್ಲಿ ಐದಾರನ್ನು ತನ್ನ ಪುಸ್ತಕಕ್ಕೆ ಇಳಿಸಿಕೊಂಡಳು. ಮರಳುವಾಗ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡೆವು. ಅಂಟನ್ನು ತುಪ್ಪದಲ್ಲಿ ಕರಿದು ಬೆಲ್ಲದ ಪಾಕಕ್ಕೆ ಹಾಕುವುದರಿಂದಲೇ ಅದಕ್ಕೆ ಆ ಹೆಸರು ಎಂದು ಗೊತ್ತಾದ ಮೇಲೆ ಮಗ ಅದನ್ನು ಗೋಂದಿನ ಮಿಠಾಯಿ ಎನ್ನುತ್ತಾನೆ, ಆದರೆ ತಿನ್ನುವುದನ್ನು ಬಿಟ್ಟಿಲ್ಲ.

ನನ್ನ ಬೈನಾಕ್ಯುಲರ್‌ಗೆ ಕೆಲಸ ಸಿಗುವುದು ಚಳಿಗಾಲದಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಹೋದಾಗ ನೆಲೆ ಕಳೆದುಕೊಂಡ ಮನೆತನ ನಮ್ಮದು. ಅತ್ತೆಯವರು ಆ ನೀರನ್ನು ಇಂದಿಗೂ ಪ್ರೀತಿಯಿಂದ ನೋಡುವುದಿಲ್ಲ. ಆದರೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳಿಗೆ ನಮ್ಮ ಸಂಕಟ ಗೊತ್ತಿಲ್ಲ. ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ ಇರುವ ಈ ಬಾತುಗಳು ಬೆಳಿಗ್ಗೆ ಹೊಲಗಳಲ್ಲಿ ಮೇಯ್ದು ನೀರಿಗೆ ಬಂದು ಕೂಡುತ್ತವೆ. ಕಳೆದ ವರ್ಷ ಹಿಂದಿನ ದಿನ ಮಳೆಯಾಗಿದ್ದನ್ನು ಲೆಕ್ಕಿಸದೆ, ಇನ್ನಷ್ಟು ಹತ್ತಿರದಿಂದ ನೋಡುವ ಆಸೆಗೆ ಕಾರನ್ನು ಎರೆ ಹೊಲದ ದಾರಿಗೆ ಇಳಿಸಿದೆ. ಎರೆ ಮಣ್ಣಿನ ಗುಣ ಹುಟ್ಟಿನಿಂದ ಕಂಡವಳು ನಾನು, ಆದರೂ ಇಳಿಸಿದೆ. ಗಾಲಿಗೆ ಮೆತ್ತಿದ ಮಣ್ಣು ಮಡ್‌ಗಾರ್ಡ್ ತುಂಬಿ ಗಾಲಿ ತಿರುಗುವುದೇ ನಿಂತುಹೋಯಿತು, ಚಪ್ಪಲಿ ಒಂದೊಂದು ಸೇರು ತೂಕವಾದವು. ಪಕ್ಕದ ಹೊಲದ ರೈತರೊಬ್ಬರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ಹಾಕಿದರು, ಹಣ ಕೊಡಹೋದರೆ ತಗೊಳ್ಳಲಿಲ್ಲ. “ಹಕ್ಕಿ ನೋಡಾಕ ಬಂದಿದ್ರೇನ್ರಿ? ನಮ್ಮ ಕಡ್ಲಿ ತಿಂದು ಹೊಕ್ಕಾವು, ಹಿಡಕೊಂಡು ಹೋಗ್ರಿ ಬೇಕಾದ್ರ” ಎಂದಷ್ಟೇ ಹೇಳಿದರು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಹೋದ ರವಿವಾರ ಬಾದಾಮಿಯ ಸರದಿ. ನಮಗದು ನಾಲ್ಕನೆಯದೋ ಐದನೆಯದೋ ಸಲ. ಅತ್ತೆಯವರ ಮೊಣಕಾಲು ಮೊದಲನೆಯ ಗುಹೆಯವರೆಗೆ ಹತ್ತಲು ಹೇಗೋ ಒಪ್ಪುತ್ತದೆ, ಮುಂದಕ್ಕೆ ಇಲ್ಲ. ಆದ್ದರಿಂದ ಅವರು ಬಂಡೆಯ ನೆರಳಿನಲ್ಲಿ, ಹದಿನೆಂಟು ಕೈಗಳ ನಟರಾಜನಿಗೆ ಹತ್ತಿರವಾಗಿ ಕುಳಿತು ಕೈಚೀಲದಿಂದ ಇಳಕಲ್ ಸೀರೆಯನ್ನು ತೆಗೆದರು. ಅದರ ಮೇಲೆ ಮೂರು ತಿಂಗಳಿಂದ ಗೋಪುರಗಳ ಸಾಲೊಂದು ಏಳುತ್ತಿದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ಹಾಕಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಎಡೆ ಬಿಟ್ಟು ಒಂದು ಎಡೆ ತುಂಬುತ್ತ ಹೋಗಿ, ಅದೇ ದಾರಿಯಲ್ಲಿ ಹಿಂತಿರುಗುವಾಗ ಬಿಟ್ಟದ್ದನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಮುಂದೂ ಹಿಂದೂ ಒಂದೇ ಸಮ ಕಾಣಬೇಕು. ಬಾಯಲ್ಲಿ ಎಣಿಕೆ ನಡೆದಿರುವಾಗ ಅವರನ್ನು ಮಾತನಾಡಿಸಿದರೆ ನಮ್ಮ ಕಥೆ ಮುಗಿಯಿತು.

ಮಗಳು ಅವರ ಪಕ್ಕದಲ್ಲಿ ಕೂತು ನಟರಾಜನ ಕೈಗಳನ್ನು ಬರೆಯುತ್ತಿದ್ದಳು. ಎಡದ ಒಂಬತ್ತು, ಬಲದ ಒಂಬತ್ತು ಕೈಗಳನ್ನು ಜೋಡಿಸಿದರೆ ಎಂಬತ್ತೊಂದು ನೃತ್ಯಭಂಗಿಗಳಾಗುತ್ತವೆ ಎಂದು ಗೈಡ್‌ಗಳು ಹೇಳುವುದನ್ನು ಹಿಂದಿನ ಸಲ ಕೇಳಿದ್ದ ಅವಳು ಈ ಸಲ ಒಂದೊಂದು ಜೋಡಿಯನ್ನೂ ಬೇರೆಬೇರೆ ಬರೆಯುವ ಹಟ ತೊಟ್ಟಿದ್ದಳು. ಹದಿನಾಲ್ಕಕ್ಕೆ ಪೆನ್ಸಿಲ್ ಮೊಂಡಾಯಿತು. ನಾನು ಮತ್ತು ಮಗ ಮೂರನೆಯ ಗುಹೆಗೆ ಹೋಗಿ, ಕ್ರಿ.ಶ. 578ರಲ್ಲಿ ಮಂಗಳೇಶನು ಕೆತ್ತಿಸಿದ ವಿಷ್ಣುಗುಡಿಯ ಮೊಗಸಾಲೆಯಲ್ಲಿ ನಿಂತು ಅಗಸ್ತ್ಯ ತೀರ್ಥದ ಹಸಿರು ನೀರನ್ನು ನೋಡಿ ಬಂದೆವು. ಇಳಿಯುವಾಗ ಮಂಗ್ಯಾ ಒಂದು ಶೇಂಗಾ ಉಂಡಿಯ ಚೀಲವನ್ನು ಮಗನ ಕೈಯಿಂದ ಎಳೆದುಕೊಂಡು ಹೋಯಿತು. ಬಾದಾಮಿಯಲ್ಲಿ ಇದು ಸುಂಕವಿದ್ದಂತೆ.

ಊಟಕ್ಕೆ ಬನಶಂಕರಿಗೆ ಹೋದೆವು. ಅದು ಬಾದಾಮಿಯಿಂದ ಐದು ಕಿಲೋಮೀಟರ್ ಅಷ್ಟೇ ಆದ್ದರಿಂದ ಕಾಯಿದೆಗೆ ಭಂಗವಿಲ್ಲವೆಂದು ಅತ್ತೆಯವರೇ ತೀರ್ಪು ಕೊಟ್ಟಿದ್ದಾರೆ. ದೇವಿಯ ಇನ್ನೊಂದು ಹೆಸರು ಶಾಕಂಭರಿ. ಬನದ ಹುಣ್ಣಿಮೆಯ ಮುಂಚಿನ ಪಲ್ಯದ ಹಬ್ಬದಲ್ಲಿ ಅವಳಿಗೆ ನೂರೆಂಟು ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಉಳಿದ ದಿನಗಳಲ್ಲಿ ನಮ್ಮಂಥವರಿಗೆ ಉಣಿಸುವವರು ಸುತ್ತಲ ಹಳ್ಳಿಗಳಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಬರುವ ಹೆಣ್ಣುಮಕ್ಕಳು. ಹರಿದ್ರಾ ತೀರ್ಥದ ಹತ್ತಿರ ಗಿಡದ ನೆರಳಿನಲ್ಲಿ ಕೂತರೆ ಸಾಕು, “ರೊಟ್ಟಿ ತಗೋರಿ ಯವ್ವಾ, ಮೊಸರೈತಿ, ಕೆಂಪ್ ಚಟ್ನಿ ಐತಿ” ಎನ್ನುತ್ತ ಬಂದು ಬುಟ್ಟಿ ಇಳಿಸುತ್ತಾರೆ. ನಮಗೆ ಬಡಿಸಿದ ಅಜ್ಜಿ ಅರಿವೆಯ ಗಂಟು ಬಿಚ್ಚಿ ರೊಟ್ಟಿ ಹಾಕಿ, ಮಡಿಕೆ ಕಾಳಿನ ಪಲ್ಯ ಬಡಿಸಿ, ಪುಟ್ಟ ಗಡಿಗೆಯನ್ನು ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರನ್ನು ಬೆರಳಿನಿಂದ ಬಿಡಿಸಿ ಹಾಕಿದರು.

ನಾವು ಉಣ್ಣುವಾಗ ಅವರ ಕಣ್ಣು ಅತ್ತೆಯವರ ಚೀಲದಿಂದ ಹೊರಗೆ ಇಣುಕಿದ್ದ ಸೀರೆಯ ಮೇಲೆ ಬಿತ್ತು. ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಅದನ್ನು ಎತ್ತಿಕೊಂಡವರು ಮುಂದಿನ ಭಾಗವನ್ನು ನೋಡಲೇ ಇಲ್ಲ. ನೇರವಾಗಿ ತಿರುವಿ ಹಿಂಭಾಗ ನೋಡಿದರು. ಉಗುರಿನ ತುದಿಯಿಂದ ಒಂದೊಂದೇ ಗೋಪುರ ದಾಟುತ್ತ ಹೋಗಿ ಐದನೆಯದರ ಮೇಲೆ ನಿಂತರು.

“ಇಲ್ಲೊಂದ್ ಎಳಿ ತಪ್ಪೇತಿ ನೋಡ ತಂಗಿ.”

ಅರವತ್ತೆಂಟು ವರ್ಷದ ಅತ್ತೆಯವರನ್ನು ತಂಗಿ ಎಂದು ಕರೆದವರನ್ನು ನಾನು ಅದೇ ಮೊದಲು ಕಂಡದ್ದು. ಅತ್ತೆಯವರು ಚಾಳೀಸು ಏರಿಸಿಕೊಂಡು ಬಹಳ ಹೊತ್ತು ನೋಡಿದರು. “ಹೌದಲ್ಲ ಯಕ್ಕಾ” ಎಂದರು, ಸಣ್ಣ ದನಿಯಲ್ಲಿ. ಆಮೇಲೆ ಇಬ್ಬರೂ ನಮ್ಮನ್ನು ಮರೆತು ಮಾತಿಗೆ ಕುಳಿತರು: ದಾರ ಯಾವ ಅಂಗಡಿಯದು, ಕಣ್ಣು ಮಂಜಾದ ಮೇಲೆ ಕರಿ ಸೀರೆಯ ಮೇಲೆ ಎಳೆ ಎಣಿಸುವುದು ಹೇಗೆ, ಈಗಿನ ಸೊಸೆಯಂದಿರಿಗೆ ಇದೆಲ್ಲ ಬೇಕೇ. ಈ ಕೊನೆಯ ವಿಷಯ ಬಂದಾಗ ನಾನು ಇನ್ನೊಂದು ರೊಟ್ಟಿ ಕೇಳಿದೆ.

ಆ ರಾತ್ರಿ ಮನೆಗೆ ಬಂದವರೇ ಅತ್ತೆಯವರು ಐದನೆಯ ಗೋಪುರವನ್ನು ಪೂರ್ತಿ ಬಿಚ್ಚಿ ಹಾಕಿದರು, ಎರಡು ವಾರದ ಕೆಲಸ. ಯಜಮಾನರ ವಹಿಯಲ್ಲಿ ಆ ದಿನದ ಪುಟದಲ್ಲಿ ಜುಣಕದ ಮುಂದೆ “ಇರಲಿಲ್ಲ, ನೆನಪೂ ಆಗಲಿಲ್ಲ” ಎಂದು ಬರೆದಿದೆ.