ಹಳದಿ ಪಟ್ಟಿ ಹಚ್ಚುವ ಮೊದಲು

ಇಪ್ಪತ್ತೊಂದನೇ ಅಧ್ಯಾಯ ಓದಿದ್ದರೆ ಆ ಪುಸ್ತಕಕ್ಕೆ ಹದಿಹರೆಯದವರ ಗುರುತಾದ ಹಳದಿ ಪಟ್ಟಿ ಹಚ್ಚುತ್ತಿರಲಿಲ್ಲ. ನಾನು ಓದಿದ್ದು ಮೊದಲ ಐವತ್ತು ಪುಟ ಮಾತ್ರ.

ಬೆಳಗಾವಿಯ ಒಂದು ಖಾಸಗಿ ಗ್ರಂಥಾಲಯದಲ್ಲಿ ಇಂಗ್ಲಿಷ್ ಕಥಾ ವಿಭಾಗ ನನ್ನದು. ಶಾಲೆ ಸುರುವಾಗುವ ಹೊತ್ತಿಗೆ ಮೂರು ಕಾರ್ಟನ್ ಒಟ್ಟಿಗೆ ಬಂದವು. ಅಕ್ಸೆಷನ್ (ದಾಖಲೆ ಸಂಖ್ಯೆ ಕೊಡುವುದು), ಸೀಲು, ಸ್ಪೈನ್ ಲೇಬಲ್ ಎಲ್ಲ ಎರಡೇ ದಿನದಲ್ಲಿ ಮುಗಿಯಬೇಕೆಂದು ಮೇಲಿನವರ ಒತ್ತಾಯ. ಅದರಲ್ಲಿ ಆರ್. ಎಫ್. ಕುವಾಂಗ್ ಅವರ ‘ದಿ ಪಾಪಿ ವಾರ್’ ಎಂಬ ಫ್ಯಾಂಟಸಿ ಕಾದಂಬರಿ ಇತ್ತು. ಅನಾಥ ಹುಡುಗಿ, ದೇಶಕ್ಕೆಲ್ಲ ಒಂದೇ ಕಠಿಣ ಪರೀಕ್ಷೆ, ಸೈನಿಕ ವಿದ್ಯಾಲಯಕ್ಕೆ ಪ್ರವೇಶ, ಸಹಪಾಠಿಗಳ ಪೈಪೋಟಿ. ಹದಿಹರೆಯದ ರ್‍ಯಾಕ್ ಎಂದು ತೀರ್ಮಾನಿಸಿಬಿಟ್ಟೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಇಶ್ಯೂ ಮಾಡಿಸಿಕೊಂಡಳು.

ಹತ್ತು ದಿನಕ್ಕೆ ಅವಳ ತಾಯಿ ಬಂದರು. ಶನಿವಾರ ಸಂಜೆ, ರಿಟರ್ನ್ ಕೌಂಟರಿನಲ್ಲಿ ಏಳೆಂಟು ಜನ. ಪುಸ್ತಕವನ್ನು ತೆರೆದೇ ನನ್ನ ಮುಂದೆ ಇಟ್ಟರು.

“ಅಕ್ಕಾರ, ಇದನ್ನ ನೀವು ಓದೀರೇನ್ರಿ?”

“ಪೂರ್ತಿ ಓದಿಲ್ರಿ.”

“ಹಂಗಾದ್ರ ಈ ಪುಟ ಓದ್ರಿ. ಎರಡ ದಿನಾತು, ಹುಡುಗಿ ನೆಟ್ಟಗ ಊಟ ಮಾಡವಲ್ಲಳು.”

ದನಿ ಏರಿಸಲಿಲ್ಲ. ನಾನು ನಿಂತಲ್ಲೇ ಓದತೊಡಗಿದೆ. 1937ರ ನಾನ್‌ಜಿಂಗ್ ಹತ್ಯಾಕಾಂಡದ ನೆರಳಿನಲ್ಲಿ ಬರೆದ ಅಧ್ಯಾಯ ಅದು. ಒಂದು ಊರಿನ ಮೇಲೆ, ಹೆಂಗಸರ ಮೇಲೆ, ಕೂಸುಗಳ ಮೇಲೆ ಸೈನಿಕರು ಎಸಗಿದ್ದನ್ನು ಅದು ಮುಚ್ಚಿಡದೆ ಹೇಳುತ್ತದೆ. ಎರಡು ಪುಟ ಮುಗಿಯುವ ಹೊತ್ತಿಗೆ ಸಾಲಿನಲ್ಲಿದ್ದವರೆಲ್ಲ ಸುಮ್ಮನಾಗಿದ್ದರು. ಕ್ಷಮೆ ಕೇಳುವ ಬದಲು ನನ್ನ ಬಾಯಿಂದ ಬಂದದ್ದು, “ನಾಯಕಿ ಸಣ್ಣ ಹುಡುಗೀನ ಅದಾಳಲ್ರಿ, ಅದಕ್ಕ…” ಆ ಮಾತು ಪೂರ್ತಿಯಾಗುವ ಮುಂಚೆಯೇ ನನ್ನ ಲೆಕ್ಕ ಎಲ್ಲಿ ತಪ್ಪಿತ್ತೆಂದು ಗೊತ್ತಾಯಿತು. ಪುಸ್ತಕದಲ್ಲಿ ದೋಷವಿಲ್ಲ. ಅದು ದೊಡ್ಡವರಿಗಾಗಿ ಬರೆದ ಗಟ್ಟಿ ಕಾದಂಬರಿ. ಮೂರು ಭಾಗಗಳಲ್ಲಿ ಮೊದಲನೆಯದರಲ್ಲಿ ಶಾಲೆಯ ಕಥೆ ಇದೆ, ಅಷ್ಟೇ.

ನಾಯಕನ ವಯಸ್ಸಿನ ಮೇಲೆ ರ್‍ಯಾಕ್ ನಿರ್ಧರಿಸುವುದನ್ನು ನಮ್ಮವರು ಮೊದಲು ಬಿಡಬೇಕು. 1996ರ ‘ಎ ಗೇಮ್ ಆಫ್ ಥ್ರೋನ್ಸ್’ ಸುರುವಾಗುವಾಗ ಬ್ರಾನ್‌ಗೆ ಏಳು ವರ್ಷ, ಆರ್ಯಾಗೆ ಒಂಬತ್ತು. ಇಡೀ ಇಡೀ ಅಧ್ಯಾಯಗಳು ಆ ಮಕ್ಕಳ ಕಣ್ಣಿನಿಂದಲೇ ನಡೆಯುತ್ತವೆ, ಆದರೂ ಅದು ವಯಸ್ಕರ ಪುಸ್ತಕ. ಪಿಯುಸಿ ಮಕ್ಕಳು ಹೆಸರು ಹೇಳಿ ಕೇಳುವ ‘ಫೋರ್ತ್ ವಿಂಗ್’ನಲ್ಲಿ ಡ್ರ್ಯಾಗನ್, ಯುದ್ಧ ಕಾಲೇಜು, ಇಪ್ಪತ್ತರ ನಾಯಕಿ ಎಲ್ಲ ಇವೆ. ಅದೂ ವಯಸ್ಕರದೇ, ಪ್ರಣಯದ ದೃಶ್ಯಗಳಲ್ಲಿ ಬಾಗಿಲು ಮುಚ್ಚುವುದಿಲ್ಲ. ರಕ್ತಪಾತವೂ ಗಡಿಯಲ್ಲ. ‘ದಿ ಹಂಗರ್ ಗೇಮ್ಸ್’ನಲ್ಲಿ ಹನ್ನೆರಡರಿಂದ ಹದಿನೆಂಟರ 24 ಮಕ್ಕಳನ್ನು ಪರಸ್ಪರ ಕೊಲ್ಲಲು ಬಿಡುತ್ತಾರೆ, ಅದು ಹದಿಹರೆಯದವರಿಗೆಂದೇ ಬಂದ ಪುಸ್ತಕ.

ಹಾಗಾದರೆ ಗಡಿ ಎಲ್ಲಿದೆ? ನನ್ನ ಪ್ರಕಾರ, ಹೇಳುವ ದನಿ ಘಟನೆಯಿಂದ ಎಷ್ಟು ದೂರ ನಿಂತಿದೆ ಎಂಬುದರಲ್ಲಿ. ನಮ್ಮ ಕಡೆಯ ಉದಾಹರಣೆಯನ್ನೇ ತಗೊಳ್ಳಿ. ಬಿಜಾಪುರದ ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾಹನಿಗೆ 1672ರಲ್ಲಿ ನಾಲ್ಕನೇ ವಯಸ್ಸಿಗೆ ಪಟ್ಟ. 1686ರಲ್ಲಿ ಔರಂಗಜೇಬನಿಗೆ ಕೋಟೆ ಒಪ್ಪಿಸಿದಾಗ ಹದಿನೆಂಟು. ಇದಕ್ಕೆ ಮಾಂತ್ರಿಕ ಶಕ್ತಿ ಬೆರೆಸಿ ಯಾರಾದರೂ ಫ್ಯಾಂಟಸಿ ಬರೆದರೆನ್ನಿ. ಹದಿಹರೆಯದ ಪುಸ್ತಕ ಸಿಕಂದರನ ಎದೆಯೊಳಗೇ ಕೂರುತ್ತದೆ. ಇಷ್ಟು ದಿನ ಬೇರೆಯವರು ತನ್ನ ಹೆಸರಿನಲ್ಲಿ ಆಳಿದರು, ತಾನಾಗಿ ಮಾಡುವ ಮೊದಲ ತೀರ್ಮಾನವೇ ಶರಣಾಗತಿಯೇ? ಆ ರಾತ್ರಿಯ ಮುಂದೆ ಏನಿದೆಯೆಂದು ಕಥೆ ಹೇಳುವ ದನಿಗೂ ಗೊತ್ತಿರುವುದಿಲ್ಲ. ವಯಸ್ಕರ ಪುಸ್ತಕಕ್ಕೆ ಅದೇ ಕೋಟೆಯಲ್ಲಿ ಬಣ ಕಟ್ಟಿಕೊಂಡ ಸರದಾರರು ಬೇಕು, ಒಂದು ವರ್ಷ ದಾಟಿದ ಮುತ್ತಿಗೆಯಲ್ಲಿ ಕಣಜದಲ್ಲಿ ಉಳಿದ ಜೋಳದ ಲೆಕ್ಕ ಬೇಕು, ಯಾರು ಯಾರಿಗೆ ಮಾರಿಕೊಂಡರೆಂಬುದು ಬೇಕು. ಹುಡುಗ ಅಲ್ಲೂ ಹದಿನೆಂಟರವನೇ. ಆದರೆ ಅವನಿಗೆ ತಿಳಿಯದ ಎಷ್ಟೋ ಸಂಗತಿ ಓದುಗನಿಗೆ ತಿಳಿದಿರುತ್ತದೆ.

ಇದರಿಂದಲೇ ಉಳಿದವು ಹುಟ್ಟುತ್ತವೆ. ಹದಿಹರೆಯದ ಪುಸ್ತಕ ಸಾಮಾನ್ಯವಾಗಿ 70 ಸಾವಿರದಿಂದ ಒಂದು ಲಕ್ಷ ಪದ, ‘ನಾನು’ ಎಂದೋ ಒಬ್ಬಿಬ್ಬರ ಬೆನ್ನಿಗೋ ಸಾಗುವ ಕಥನ. ಆ ಲೋಕದ ನಿಯಮಗಳನ್ನು ನಾಯಕಿ ಕಲಿತಂತೆ ನಾವೂ ಕಲಿಯುತ್ತೇವೆ. ವಯಸ್ಕರದು ಒಂದೂವರೆ ಲಕ್ಷ ದಾಟಿದರೂ ಅಚ್ಚರಿಯಿಲ್ಲ. ವಂಶಾವಳಿ, ನಕಾಶೆ, ವಿವರಿಸದೆ ಬಿಟ್ಟ ಹೆಸರುಗಳ ನಡುವೆ ಓದುಗನೇ ದಾರಿ ಹುಡುಕಿಕೊಳ್ಳಬೇಕು. ಹದಿಹರೆಯದ ಕಥೆ ಅಳುವಿನಲ್ಲಿ ಮುಗಿಯಬಹುದು, ಆದರೆ ಸಾಮಾನ್ಯವಾಗಿ ಎಲ್ಲೋ ಒಂದು ಕಿಟಕಿ ತೆರೆದಿಟ್ಟು ಹೋಗುತ್ತದೆ. ವಯಸ್ಕರ ಕಥೆಗೆ ಆ ಹಂಗಿಲ್ಲ.

ಕೆಲಸದ ಮೇಜಿನ ಮೇಲೆ ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಡಿಸ್ಟ್ರಿಬ್ಯೂಟರ್ ಕಳಿಸುವ ಎಕ್ಸೆಲ್ ಶೀಟಿನಲ್ಲಿ ಸಬ್ಜೆಕ್ಟ್ ಕೋಡ್ ಕಾಲಂ ಇರುತ್ತದೆ. ನಮ್ಮಲ್ಲಿ ಕಾಗದ ಉಳಿಸಲೆಂದು ಅದನ್ನು ತೆಗೆದು ಪ್ರಿಂಟ್ ಕೊಡುತ್ತಿದ್ದರು. ಅಮೆರಿಕದ ಕೋಡು ಎಫ್‌ಐಸಿ ಎಂದು ಸುರುವಾದರೆ ವಯಸ್ಕರದು, ವೈಎಎಫ್ ಇದ್ದರೆ ಹದಿಹರೆಯ, ಜೆಯುವಿ ಮಕ್ಕಳದು. ಥೀಮಾ ಎಂಬ ಅಂತರರಾಷ್ಟ್ರೀಯ ಕೋಡಿನಲ್ಲಿ ವಯಸ್ಕರ ಫ್ಯಾಂಟಸಿ ಎಫ್‌ಎಂ, ಮಕ್ಕಳ ಮತ್ತು ಹದಿಹರೆಯದ್ದು ವೈಎಫ್‌ಎಚ್. ಶೀಟು ಸಿಗದಿದ್ದರೆ ಇಂಪ್ರಿಂಟ್, ಅಂದರೆ ಪ್ರಕಾಶಕರು ಪುಸ್ತಕದ ಮೇಲೆ ಹಾಕುವ ಬ್ರ್ಯಾಂಡ್ ಹೆಸರು ನೋಡಿ. ಹಾರ್ಪರ್ ವಾಯೇಜರ್, ಆರ್ಬಿಟ್, ಗೊಲಾಂಜ್ ಎಂದಿದ್ದರೆ ಹಳದಿ ಪಟ್ಟಿಯನ್ನು ಕೆಳಗಿಡಿ. ಒಬ್ಬರೇ ಲೇಖಕರೆಂದು ಒಂದೇ ಕಡೆ ಜೋಡಿಸುವುದೂ ಬೇಡ. ಲೀ ಬಾರ್ಡುಗೊ ಅವರ ‘ಸಿಕ್ಸ್ ಆಫ್ ಕ್ರೋಸ್’ (2015) ಹದಿಹರೆಯದ್ದು, ‘ನೈನ್ತ್ ಹೌಸ್’ (2019) ದೊಡ್ಡವರದು.

ಕೋಡೂ ಕೈಕೊಡುವುದುಂಟು. ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ 2015ರಲ್ಲಿ ಹದಿಹರೆಯದ ಪಟ್ಟಿಯಲ್ಲಿ ಬಂತು. 2020ರಲ್ಲಿ ಹೊಸ ಮುಖಪುಟದೊಂದಿಗೆ ವಯಸ್ಕರ ಕಡೆಗೆ ಹೋಯಿತು. ದಾನವಾಗಿ ಬರುವ ಹಳೆಯ ಪ್ರತಿಗಳು ಇನ್ನೂ ಹಳೆಯ ವೇಷದಲ್ಲೇ ಇರುತ್ತವೆ. ಅದಕ್ಕೇ ಓದಲೇಬೇಕು. 500 ಪುಟದ ಪುಸ್ತಕವಾದರೆ ಮೊದಲ ಹದಿನೈದು, 250ರಿಂದ ಹದಿನೈದು, 375ರಿಂದ ಇಪ್ಪತ್ತೈದು ಪುಟ. ಮುಕ್ಕಾಲು ಭಾಗದ ಆಸುಪಾಸಿನಲ್ಲೇ ಕಥೆಯ ಅತಿ ಕ್ರೂರ ಜಾಗ ಸಾಮಾನ್ಯವಾಗಿ ಬರುತ್ತದೆ, ನಮ್ಮವರು ಅಲ್ಲಿಗೆ ಹೋಗುವುದೇ ಇಲ್ಲ. ಒಂದು ಪುಸ್ತಕಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೂರು ಕಾರ್ಟನ್‌ನಲ್ಲಿ ಫ್ಯಾಂಟಸಿ ಇದ್ದದ್ದು ಹದಿನಾಲ್ಕೇ ಪುಸ್ತಕ.

ಆ ಸಂಜೆಯ ಮೇಲೆ ಮ್ಯಾನೇಜ್‌ಮೆಂಟ್ ಮಾಡಿದ್ದು ನನ್ನ ತಪ್ಪಿಗಿಂತ ಕಡಿಮೆಯದಲ್ಲ. ಮುಖಪುಟದಲ್ಲಿ ಕತ್ತಿ ಇದ್ದ ಪುಸ್ತಕವನ್ನೆಲ್ಲ ಹದಿನೆಂಟರ ಮೇಲಿನ ವಿಭಾಗಕ್ಕೆ ಸಾಗಿಸಿದರು. 1968ರಲ್ಲಿ ಉರ್ಸುಲಾ ಲೆ ಗ್ವಿನ್ ಎಳೆಯರಿಗೆಂದೇ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಕೂಡ ಹೋಯಿತು. ಮೂರು ವಾರ ಹತ್ತನೇ ತರಗತಿ, ಪಿಯುಸಿ ಮಕ್ಕಳು ಬರಿಗೈಯಲ್ಲಿ ತಿರುಗಿ ಹೋದರು. ರಾಜಕುಮಾರ, ರಾಕ್ಷಸ ಅಂದರೆ ಚಂದಮಾಮ, ಅದನ್ನು ದಾಟಿದರೆ ದೊಡ್ಡವರ ಕಾದಂಬರಿ ಎಂಬ ಎರಡೇ ಮನೆ ನಮ್ಮ ತಲೆಯಲ್ಲಿ. ಹದಿನೈದರ ಓದುಗರಿಗೆ ಈ ಎರಡರಲ್ಲೂ ಜಾಗವಿಲ್ಲ, ಪುಸ್ತಕ ಬೇಕೇ ಬೇಕೆನ್ನುವ ಹಸಿವು ಇರುವುದೂ ಅವರಿಗೇ.

ಈಗ ಹನ್ನೆರಡು ವರ್ಷಕ್ಕೆ ಹಳದಿ, ಹದಿನೈದಕ್ಕೆ ಕಿತ್ತಳೆ ಪಟ್ಟಿ ಹಚ್ಚುತ್ತಿದ್ದೇವೆ. ಸಾಫ್ಟ್‌ವೇರಿನಲ್ಲಿ ಮಾತ್ರ ಇನ್ನೂ ‘ಮಕ್ಕಳು’ ಮತ್ತು ‘ಇತರೆ’ ಎಂಬ ಎರಡೇ ಆಯ್ಕೆ. ಮೂರನೆಯದು ಬೇಕೆಂದು ಎರಡು ಸಲ ಬರೆದು ಕೊಟ್ಟಿದ್ದೇನೆ. ಕೌಂಟರಿಗೆ ಬರುವ ಹೊಸಬರು ಪಟ್ಟಿ ನೋಡುವುದಿಲ್ಲ, ಪರದೆ ನೋಡಿ ಇಶ್ಯೂ ಮಾಡುತ್ತಾರೆ.