ಗಡಿಯಾರ ರಿಪೇರಿಯ ನಮ್ಮ ಗೆಳೆಯ

ಶಾಲೆಯ ಸಂಚಿಕೆಗೆ ಹಳೆಯ ವಿದ್ಯಾರ್ಥಿಯೊಬ್ಬರ ಬಗ್ಗೆ ಬರೆದುಕೊಡಿ ಎಂದು ಕೇಳಿದಾಗ ಯಾರ ಬಗ್ಗೆ ಎಂದು ಯೋಚಿಸಬೇಕಾಗಲೇ ಇಲ್ಲ. ನಮ್ಮ ಬ್ಯಾಚಿನಲ್ಲಿ ದೊಡ್ಡ ಹುದ್ದೆಗೆ ಏರಿದವರಿದ್ದಾರೆ. ಅವರ ಫೋಟೋಗಳು ಈ ಪುಟಗಳಲ್ಲಿ ಬಂದಿವೆ, ಬರಬೇಕಾದದ್ದೇ. ಆದರೆ ನಮ್ಮಲ್ಲಿ ಯಾರನ್ನೇ ಕೇಳಿ ನೋಡಿ, ಶಾಲೆ ಎಂದ ಕೂಡಲೇ ನೆನಪಾಗುವವನು ಕೊನೆಯ ಬೆಂಚಿನ ಆ ಗೆಳೆಯ. ಮುಂದೆ ಗಡಿಯಾರ ರಿಪೇರಿಯ ಪುಟ್ಟ ಅಂಗಡಿ ಇಟ್ಟುಕೊಂಡಿದ್ದ. ಹೋದ ವರ್ಷ ತೀರಿಕೊಂಡ. ಹೆಸರು ಹಾಕುವುದು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಜೊತೆಯಲ್ಲಿ ಓದಿದವರಿಗೆ ಹೆಸರು ಹೇಳಬೇಕಾಗಿಯೂ ಇಲ್ಲ.

ಅವನಿದ್ದರೆ ಪಾಠ ಮಾಡುವುದು ಕಷ್ಟ ಎನ್ನುತ್ತಿದ್ದ ಮೇಷ್ಟ್ರುಗಳೇ ಅವನು ಬರದ ದಿನ "ಯಾಕೋ ಇವತ್ತು ಕ್ಲಾಸು ಸಪ್ಪೆ" ಎನ್ನುತ್ತಿದ್ದರು. ಯಾರ ನಡಿಗೆಯನ್ನಾದರೂ, ಯಾರ ದನಿಯನ್ನಾದರೂ ಮಾಡಿ ತೋರಿಸುತ್ತಿದ್ದ. ಆದರೆ ಒಬ್ಬರ ಕುಂಟು, ತೊದಲು, ಹರಿದ ಅಂಗಿ ಇವನ್ನು ಒಂದು ದಿನವೂ ನಗೆಗೆ ಎಳೆದವನಲ್ಲ. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಪಾಠ ಓದುವಾಗ ತೊದಲಿದ, ಹಿಂದಿನಿಂದ ಯಾರೋ ಕಿಸಕ್ಕೆಂದರು. ಇವನು ತಟ್ಟನೆ ಎದ್ದು, "ಸಾರ್, ನಾನು ಓದ್ತೀನಿ" ಎಂದು ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದ. ಇಡೀ ತರಗತಿಯ ನಗು ಅವನ ಮೇಲೆ ತಿರುಗಿತು. ಆ ಹುಡುಗನ ಕಡೆ ಯಾರೂ ನೋಡಲಿಲ್ಲ. ಅವನ ತಮಾಷೆ ಎಂಥದ್ದೆಂದು ತಿಳಿಯಲು ನನಗೆ ಇದೊಂದೇ ಸಾಕು.

ಸ್ಟಾಫ್ ರೂಮಿನ ಗೋಡೆ ಗಡಿಯಾರ ಕೆಟ್ಟು ಮೂಲೆ ಸೇರಿತ್ತು. ಭೌತಶಾಸ್ತ್ರದ ಮೇಷ್ಟ್ರು ಅದನ್ನು ಇವನ ಕೈಗಿಟ್ಟು, "ಬಿಚ್ಚೋದು ಎಲ್ಲರಿಗೂ ಬರುತ್ತೆ, ಕೂಡಿಸಿ ತೋರಿಸು" ಎಂದರು. ಒಂದೊಂದು ಭಾಗ ತೆಗೆದಂತೆಲ್ಲ ಅದು ಇದ್ದ ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಮತ್ತೆ ಕೂಡಿಸಿ, ಓಡಿಸಿಯೇ ಬಿಟ್ಟ. ಹೋಮ್‌ವರ್ಕ್ ಬರೆಯದ ಹುಡುಗ ಆ ಪುಟಗಳನ್ನು ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದನೆಂದರೆ ಮೇಷ್ಟ್ರು ಅವನ್ನು ಬೇರೆ ತರಗತಿಗಳಿಗೂ ತೋರಿಸಿದರು. ಹತ್ತನೆಯ ತರಗತಿ ಮುಗಿದ ಮೇಲೆ ಸೋದರಮಾವನ ಹತ್ತಿರ ಕೆಲಸ ಕಲಿತು, ಕೆಲವು ವರ್ಷಗಳಲ್ಲಿ ಸ್ವಂತ ಅಂಗಡಿ ತೆರೆದ.

ನಾಲ್ಕು ಜನ ನಿಂತರೆ ತುಂಬಿಹೋಗುವ ಅಂಗಡಿ. ಗೋಡೆಯ ಮೇಲೆ ರಿಪೇರಿಗೆ ಬಂದ ಗಡಿಯಾರಗಳು, ಒಂದೊಂದರಲ್ಲಿ ಒಂದೊಂದು ಹೊತ್ತು. ಶಾಲೆ ಬಿಟ್ಟು ಬರುವ ಮಕ್ಕಳನ್ನು ನಿಲ್ಲಿಸಿ, "ಇದರಲ್ಲಿ ಯಾವುದು ನಿಜ ಹೇಳ್ತಿದೆ, ಕಂಡುಹಿಡೀರಿ" ಎನ್ನುತ್ತಿದ್ದ. ರಿಪೇರಿಗೇ ಬಾರದ ಗಡಿಯಾರವಾದರೆ ಅದರ ಮುಳ್ಳುಗಳನ್ನು 10 ಗಂಟೆ 10 ನಿಮಿಷಕ್ಕೆ ತಿರುಗಿಸಿ ಒಡೆಯರಿಗೆ ಹಿಂದಿರುಗಿಸುತ್ತಿದ್ದ. ಜಾಹೀರಾತುಗಳಲ್ಲಿ ಕಂಪನಿಯ ಹೆಸರು ಮುಚ್ಚಿಹೋಗದಿರಲಿ ಎಂದು ಹಾಗೆ ಇಡುತ್ತಾರೆ. ಇವನು ಕೊಡುತ್ತಿದ್ದ ಕಾರಣ ಬೇರೆ: "ಹೇಗೂ ನಿಲ್ಲೋದೇ ಆದ್ರೆ ನಗ್ತಾ ನಿಲ್ಲಲಿ." ವಾಚು ದಿನಕ್ಕೆ 10 ಸೆಕೆಂಡ್ ಹಿಂದೆ ಬೀಳುತ್ತದೆ ಎಂದು ಜಗಳಕ್ಕೆ ಬಂದವರಿಗೂ ಉತ್ತರ ಸಿದ್ಧವಿತ್ತು. "ಸಾರ್, ದಿನಕ್ಕೆ 86,400 ಸೆಕೆಂಡು. ಅದರಲ್ಲಿ 10 ತಪ್ಪಿದೆ. ಲೆಕ್ಕದಲ್ಲಿ ನನಗೆ ಯಾವತ್ತೂ ಇಷ್ಟು ಮಾರ್ಕ್ಸ್ ಬಂದಿರಲಿಲ್ಲ." ಅವರು ನಗುವಷ್ಟರಲ್ಲಿ ಇವನ ಕೈ ಆಗಲೇ ಹಿಂಬದಿಯ ಮುಚ್ಚಳ ತೆಗೆದಿರುತ್ತಿತ್ತು.

ಅವನು ಕೆಲಸ ಮಾಡುವುದನ್ನು ಹತ್ತಿರ ಕೂತು ನೋಡಬೇಕಿತ್ತು. ಒಂದು ಸಂಜೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ನನಗೆ ಕೊಟ್ಟು, ಕೀ ಕೊಡುವ ಹಳೆಯ ಕೈಗಡಿಯಾರದ ಒಳಗನ್ನು ತೋರಿಸಿದ. ಬ್ಯಾಲೆನ್ಸ್ ಚಕ್ರ ಅತ್ತ ತಿರುಗಿ ಇತ್ತ ಮರಳುತ್ತಿತ್ತು. ಅದಕ್ಕೆ ಸೇರಿದ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿ ಬಿಚ್ಚಿಕೊಳ್ಳುತ್ತ ಮತ್ತೆ ಬಿಗಿಯುತ್ತಿತ್ತು. ಇಂಥ ವಾಚು ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ 5 ಸಲ ಟಿಕ್ ಎನ್ನುತ್ತದೆ. ದಿನಕ್ಕೆ 4,32,000. ಚಕ್ರಗಳ ಅಚ್ಚು ಕೂರುವ ಕಡೆ ಕೆಂಪು ಚುಕ್ಕಿಗಳು ಕಂಡವು. ಸವೆಯದಿರಲೆಂದು ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳವು. "ಹದಿನೇಳು ಮಾಣಿಕ್ಯ ಕೈಗೆ ಕಟ್ಟಿಕೊಂಡು ಓಡಾಡ್ತಿದೀನಿ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ ಕಣೋ. ಹೇಳಿದ ಮೇಲೆ ಅವರ ನಡಿಗೆ ನೋಡ್ಬೇಕು!" ಎಂದು ಎದೆಯುಬ್ಬಿಸಿ ಆ ನಡಿಗೆಯನ್ನೂ ಮಾಡಿ ತೋರಿಸಿದ.

ಅತ್ತಿಗೆಯ ಬಗ್ಗೆ ಹೇಳದಿದ್ದರೆ ಆ ಅಂಗಡಿಯ ಅರ್ಧ ಕತೆಯನ್ನೇ ಬಿಟ್ಟಂತೆ. ಲೆಕ್ಕ ಅವರದು, ಬೆಲ್ಟು ಹಾಕುವುದು, ಗಾಜು ಕೂರಿಸುವುದು ಅವರದು. ತೀರಾ ಸಣ್ಣ ಸ್ಕ್ರೂ ಆದರೆ ಅವನು ಚಿಮಟವನ್ನು ಅವರಿಗೇ ಕೊಡುತ್ತಿದ್ದ, ಅವರ ಕೈ ಅಲುಗುತ್ತಿರಲಿಲ್ಲ. ಎಳ್ಳಿಗಿಂತ ಚಿಕ್ಕ ಆ ಸ್ಕ್ರೂ ನೆಲಕ್ಕೆ ಬಿತ್ತೋ, ಹಬ್ಬವೇ. ಅಂಗಡಿಯ ಬಾಗಿಲು ಅರ್ಧ ಎಳೆದು, ಅವನು, ಅತ್ತಿಗೆ, ಮಗಳು, ಮಗ, ಕೆಲವೊಮ್ಮೆ ಗಿರಾಕಿಯೂ ಟಾರ್ಚ್ ಹಿಡಿದು ಮಂಡಿಯೂರಿ ಹುಡುಕುವುದು. ಕಂಡುಹಿಡಿದವರು ಹೇಳಿದ ಕಡೆ ಭಾನುವಾರ ಎಲ್ಲರೂ ಹೋಗಬೇಕೆಂಬುದು ನಿಯಮ. "ರೀ, ಬೇಕಂತಲೇ ಬೀಳಿಸಿದ್ರಿ ತಾನೆ?" ಎಂದು ಅತ್ತಿಗೆ ಗದರುವರು. ಅವನು ಮೇಜಿನ ಕೆಳಗಿನಿಂದಲೇ ಹೆಡ್‌ಮಾಸ್ಟರ ದನಿಯಲ್ಲಿ ಉತ್ತರ ಕೊಡುವನು. ಅಯಸ್ಕಾಂತ ಹಿಡಿದರೆ ಕೂಡಲೇ ಸಿಕ್ಕೀತು, ಆದರೆ ಅದು ಮೇಜಿನ ಹತ್ತಿರ ಸುಳಿಯುವಂತಿರಲಿಲ್ಲ. ಕಾಂತ ತಗುಲಿದರೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿ, ಸುರುಳಿ ಗಿಡ್ಡವಾದಂತಾಗಿ, ವಾಚು ಮುಂದೆ ಓಡತೊಡಗುತ್ತದೆ. ಆಟದ ನಡುವೆಯೂ ಈ ಶಿಸ್ತನ್ನು ಅವನು ಬಿಟ್ಟದ್ದಿಲ್ಲ.

ಅವನಿಗೆ ಚಿಂತೆಯೇ ಇರಲಿಲ್ಲ ಎಂದಲ್ಲ. ಜಪಾನಿನ ಸೈಕೋ ಕಂಪನಿ 1969ರ ಡಿಸೆಂಬರ್ 25ರಂದು ಸೆಲ್ಲಿನಿಂದ ಓಡುವ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಾಗಲೇ ಈ ಕಸುಬಿನ ದಾರಿ ಬದಲಾಗಿತ್ತು. ಅಂಥವು ಅಗ್ಗವಾಗುತ್ತ ಹೋದಂತೆ ರಿಪೇರಿ ಕಡಿಮೆಯಾಗಿ ಸೆಲ್ ಬದಲಿಸುವುದೇ ಕೆಲಸವಾಯಿತು. ಮೊಬೈಲ್ ಬಂದ ಮೇಲೆ ವಾಚು ಕಟ್ಟುವವರೇ ಕಡಿಮೆ. ಕೆಲವು ತಿಂಗಳು ಬಾಡಿಗೆಗೆ ಒದ್ದಾಡಿದ್ದನ್ನು ಅತ್ತಿಗೆ ಈಚೆಗೆ ಹೇಳಿದರು, ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಆದರೂ ಕ್ವಾರ್ಟ್ಜನ್ನು ಅವನು ಶಪಿಸಲಿಲ್ಲ, ಮಕ್ಕಳಿಗೆ ಅದರಿಂದಲೇ ಲೆಕ್ಕ ಕಲಿಸಿದ. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಅರ್ಧ ಮಾಡುತ್ತ ಹೋದರೆ 15ನೆಯ ಸಲಕ್ಕೆ ಸರಿಯಾಗಿ 1 ಉಳಿಯುತ್ತದೆ, ವಾಚಿನೊಳಗಿನ ಸರ್ಕ್ಯೂಟ್ ಮಾಡುವುದೂ ಅದನ್ನೇ. ರಾತ್ರಿ ಅಂಗಡಿ ಮುಚ್ಚಿ ಮನೆಗೆ ನಡೆಯುವಾಗ ಮಗ "ಅರ್ಧ!" ಎಂದು ಕೂಗುವನು, ಮಗಳು 16,384 ಎನ್ನುವಳು. ಮತ್ತೆ "ಅರ್ಧ!", 8,192. ಒಂದಕ್ಕೆ ಬರುವಷ್ಟರಲ್ಲಿ ಮನೆ ಬಂದಿರಬೇಕು. ತಡವಾಗುವಂತಿದ್ದರೆ ಅಪ್ಪ ಓಡಿಸುತ್ತಿದ್ದ.

ಮೇಷ್ಟ್ರು ಕರೆದಾಗಲೆಲ್ಲ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬರುತ್ತಿದ್ದ. ತರುತ್ತಿದ್ದದ್ದು ದಾರ, ಕಲ್ಲು, ಅಷ್ಟೇ. ದಪ್ಪ ಕಲ್ಲು ಬೇಗ ತೂಗುತ್ತದೋ ಸಣ್ಣದೋ ಎಂದು ಮಕ್ಕಳಲ್ಲೇ ಎರಡು ಗುಂಪು ಮಾಡಿ, ಕೂಗಾಟ ತಾರಕಕ್ಕೇರುವವರೆಗೆ ಕಾದು, ಎರಡನ್ನೂ ಒಂದೇ ಉದ್ದದ ದಾರದಲ್ಲಿ ಒಟ್ಟಿಗೆ ಬಿಡುತ್ತಿದ್ದ. ಎರಡೂ ಜೊತೆಜೊತೆಗೇ ತೂಗುವವು. ಒಂದು ಮೀಟರ್ ದಾರವಾದರೆ ಹೋಗಿ ಬರಲು ಸುಮಾರು 2 ಸೆಕೆಂಡ್. 1 ಸೆಕೆಂಡ್ ಬೇಕಾದರೆ ದಾರವನ್ನು ಅರ್ಧ ಮಾಡಿದರೆ ಸಾಲದು, ಕಾಲು ಮಾಡಬೇಕು. ಇದನ್ನು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮಕ್ಕಳು ಕತ್ತರಿಸಿ ಕತ್ತರಿಸಿ ತಾವೇ ಕಂಡುಕೊಳ್ಳಬೇಕಿತ್ತು. ಡಚ್ ವಿಜ್ಞಾನಿ ಹೈಗೆನ್ಸ್ 1656ರಲ್ಲಿ ಲೋಲಕವನ್ನು ಗಡಿಯಾರಕ್ಕೆ ಜೋಡಿಸಿದ ಕತೆ ಕೊನೆಗೆ ಬರುತ್ತಿತ್ತು. ಅಷ್ಟು ಹೊತ್ತಿಗೆ ಬೆಲ್ ಹೊಡೆದರೂ ಯಾರೂ ಏಳುತ್ತಿರಲಿಲ್ಲ.

ಕಾಯಿಲೆ ಹೆಚ್ಚು ದಿನ ಕೊಡಲಿಲ್ಲ. ಅದರ ಬಗ್ಗೆ ಬರೆಯುವುದು ನನಗೆ ಬೇಡ.

ಅವನು ಹೋದ ಮೇಲೆ, ರಿಪೇರಿಗೆ ಕೊಟ್ಟ ವಾಚುಗಳನ್ನು ಒಡೆಯರಿಗೆ ಮುಟ್ಟಿಸಲು ಅತ್ತಿಗೆ, ಮಗಳು ಡ್ರಾಯರ್ ತೆರೆದರು. ನಾನೂ ಇದ್ದೆ. ಪ್ರತಿ ವಾಚಿಗೂ ಒಂದು ಲಕೋಟೆ, ಮೇಲೆ ಅವನ ಅಕ್ಷರ. ಒಂದರ ಮೇಲೆ "ಗಾಜು ಒಡೆದಿದೆ. ಅವರ ತಂದೆಯ ವಾಚು. ಮಗಳ ರಿಸಲ್ಟ್ ಕೇಳಬೇಕು." ಇನ್ನೊಂದರ ಮೇಲೆ "ಸ್ಪ್ರಿಂಗ್ ಹೋಗಿದೆ. ಕಿವಿ ಮಂದ, ಜೋಕು ಜೋರಾಗಿ ಹೇಳು." ಮತ್ತೊಂದರ ಮೇಲೆ "ಸೆಲ್ ಮಾತ್ರ. ಹೆಂಡತಿ ತೀರಿಕೊಂಡಿದ್ದಾರೆ. ಅವಸರ ಮಾಡದೆ ಕೂರಿಸಿ ಮಾತಾಡಿಸು." ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳಿ ನಗಿಸುತ್ತಾನೆ ಎಂದೇ ನಾವೆಲ್ಲ ತಿಳಿದಿದ್ದೆವು. ಯಾರನ್ನು ಏನು ಕೇಳಬೇಕು, ಯಾರ ಜೊತೆ ಹೇಗಿರಬೇಕು ಎಂದು ಅವನು ಬರೆದಿಟ್ಟುಕೊಳ್ಳುತ್ತಿದ್ದ. ಸ್ಟಾಫ್ ರೂಮಿನ ಗಡಿಯಾರದ ಭಾಗಗಳನ್ನು ಬರೆದಿಟ್ಟುಕೊಂಡ ಕೈಯೇ ಅದು.

ಅತ್ತಿಗೆ ಆ ಲಕೋಟೆಗಳನ್ನು ಓದಿಕೊಂಡೇ ವಾಚು ಕೊಟ್ಟರು. ಗಾಜು ಒಡೆದ ವಾಚಿನವರು ಬಂದಾಗ ಮೊದಲು ಕೇಳಿದ್ದು ಮಗಳ ರಿಸಲ್ಟನ್ನೇ.

ಅಂಗಡಿ ಮುಚ್ಚಿಲ್ಲ. ಹಗಲು ಅತ್ತಿಗೆ ಇರುತ್ತಾರೆ. ಕಾಲೇಜು ಮುಗಿಸಿ ಬಂದು ಮಗಳು ಭೂತಗನ್ನಡಿ ಹಿಡಿಯುತ್ತಾಳೆ, ಕೀ ಕೊಡುವ ವಾಚುಗಳನ್ನೂ ತೆಗೆದುಕೊಳ್ಳುತ್ತಾಳೆ. ಈ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ಬರಲು ಒಪ್ಪಿದ್ದಾಳೆ. ಎಂಟನೆಯ ತರಗತಿಯವರು ದಾರ, ಕಲ್ಲು, ಕತ್ತರಿ ಸಿದ್ಧಮಾಡಿಟ್ಟುಕೊಳ್ಳಬೇಕಂತೆ. ಎಷ್ಟು ಉದ್ದಕ್ಕೆ ಕತ್ತರಿಸಬೇಕೆಂದು ಮಾತ್ರ ಅವಳನ್ನು ಕೇಳಬೇಡಿ, ಹೇಳುವುದಿಲ್ಲ.