ಸಿಮೆಂಟಿನ ಹಿಂದೆ ಒದ್ದೆಯಾಗಿದ್ದ ಕಲ್ಲು

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಈ ಹಳ್ಳಿಗೆ ಮನೆ ನೋಡಲು ಬಂದ ದಿನ ನನ್ನ ಕಣ್ಣು ಮೊದಲು ಹೋದದ್ದು ಮಾಡಿನ ಕಡೆಗೆ. ಹೆಂಚಲ್ಲ, ಇಲ್ಲಿನ ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಸುಣ್ಣಕಲ್ಲಿನ ತೆಳು ಹಲಗೆಗಳು. ಸೂರಿನ ಅಂಚಿನಲ್ಲಿ ಅಗಲವಾದವು, ಮೇಲೇರಿದಂತೆ ಚಿಕ್ಕವು, ನೆತ್ತಿಯ ಹತ್ತಿರ ಅಂಗೈಗಿಂತ ತುಸು ದೊಡ್ಡವು. ಆಗಲೇ ಮನಸ್ಸು ಸೋತಿತ್ತು.

ನನ್ನ ಪತಿ ಗೋಡೆಯನ್ನು ನೋಡುತ್ತಿದ್ದರು. ಹದಿನೇಳನೆಯ ಶತಮಾನದ ಕಲ್ಲುಗಳ ಸಂದಿಗೆ ಯಾರೋ ಸಿಮೆಂಟ್ ಮೆತ್ತಿದ್ದರು. ಸಡಿಲಾಗಿದ್ದ ಒಂದು ಚಕ್ಕೆ ಬೆರಳು ತಾಗಿದೊಡನೆ ಕೈಗೇ ಬಂತು. ಹಿಂದಿನ ಕಲ್ಲು ಒದ್ದೆಯಾಗಿತ್ತು, ಉಜ್ಜಿದರೆ ಹಿಟ್ಟಿನಂತೆ ಉದುರಿತು. ಇಂಥ ಗೋಡೆ ಮಳೆನೀರನ್ನು ಕುಡಿದು, ಮೆತ್ತನೆಯ ಸುಣ್ಣದ ಗಾರೆಯ ಮೂಲಕ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ದಾರಿಯನ್ನು ಕಟ್ಟಿಬಿಡುತ್ತದೆ. ರಕ್ಷಣೆಗೆಂದು ಮೆತ್ತಿದ್ದೇ ಕಲ್ಲನ್ನು ತಿನ್ನುತ್ತಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಮನೆ ಗ್ರೇಡ್ 2 ಪಟ್ಟಿಯಲ್ಲಿದೆ, ಅಂದರೆ ಅನುಮತಿಯಿಲ್ಲದೆ ಸ್ವರೂಪ ಬದಲಿಸುವಂತಿಲ್ಲದ ಸಂರಕ್ಷಿತ ಕಟ್ಟಡ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಈ ದರ್ಜೆಯವೇ. ಮುಂಭಾಗವನ್ನು ಮುಟ್ಟದಿದ್ದರೆ ಸಾಕು ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ಒಳಗಿನ ಮೆಟ್ಟಿಲು, ಬೆಂಕಿಗೂಡು, 1948ರ ಜುಲೈ 1ಕ್ಕಿಂತ ಮೊದಲೇ ಹಿತ್ತಲಿನಲ್ಲಿದ್ದ ಗೋಡೆ ಕೂಡ ಸಾಮಾನ್ಯವಾಗಿ ಆ ರಕ್ಷಣೆಯೊಳಗೆ ಬರುತ್ತವೆ.

ನಮ್ಮನ್ನು ತಡೆದದ್ದು ಅಡುಗೆಮನೆಯ ಪ್ಲಾಸ್ಟಿಕ್ ಕಿಟಕಿ. ಅದಕ್ಕೆ ಅನುಮತಿ ಪತ್ರ ಎಲ್ಲಿ ಎಂದು ಖರೀದಿಯ ಕಾಗದಪತ್ರ ನೋಡುತ್ತಿದ್ದ ನಮ್ಮ ವಕೀಲರು, ಅಂದರೆ ಸಾಲಿಸಿಟರ್, ಕೇಳಿದರು, ಇರಲಿಲ್ಲ. ಅನುಮತಿಯಿಲ್ಲದೆ ಅಂಥ ಬದಲಾವಣೆ ಮಾಡುವುದು ಸಂರಕ್ಷಿತ ಕಟ್ಟಡಗಳ ಕುರಿತ 1990ರ ಕಾಯ್ದೆಯ ಪ್ರಕಾರ ಅಪರಾಧ. ಮಾಡಿದವರು ಹಿಂದಿನ ಮಾಲೀಕರೇ ಆಗಿದ್ದರೂ, ಸರಿಪಡಿಸಿ ಎಂಬ ನೋಟಿಸನ್ನು ಸ್ಥಳೀಯ ಆಡಳಿತವಾದ ಕೌನ್ಸಿಲ್ ಈಗಿನ ಮಾಲೀಕರಿಗೆ ಕೊಡಬಹುದು. ಅದಕ್ಕೆ ಕಾಲಮಿತಿಯೂ ಇಲ್ಲ. ಹಳೆಯ ಮನೆ ಕೊಳ್ಳುವವರು ಬೆಲೆ ಮಾತಾಡುವ ಮೊದಲೇ ಪ್ರತಿಯೊಂದು ಬದಲಾವಣೆಯ ಕಾಗದವನ್ನೂ ಕೇಳಿ ನೋಡಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾವು ತಡವಾಗಿ ಕೇಳಿದೆವು. ಖರೀದಿಯನ್ನು ಕಾನೂನುಬದ್ಧವಾಗಿ ಖಚಿತಗೊಳಿಸುವ ಒಪ್ಪಂದಗಳ ವಿನಿಮಯ ಇನ್ನೂ ಆಗಿರಲಿಲ್ಲವಾದ್ದರಿಂದ ಮರದ ಕಿಟಕಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಲು ಸಾಧ್ಯವಾಯಿತು. ಆ ಕಿಟಕಿಗೆ ಅನುಮತಿ ಕೇಳುವ ಅರ್ಜಿಗೆ ಶುಲ್ಕವಿರಲಿಲ್ಲ, ನಕ್ಷೆ ಬರೆದವರಿಗೆ ಮಾತ್ರ ಹಣ ಕೊಟ್ಟೆವು.

ಗೋಡೆಯ ಕೆಲಸಕ್ಕೆ ಹಿಮ ಬೀಳುವ ತಿಂಗಳುಗಳು ಕಳೆಯಬೇಕಾಯಿತು, ಹಸಿ ಸುಣ್ಣಕ್ಕೆ ಹಿಮ ಆಗದು. ಮೇಸ್ತ್ರಿ ಉಳಿ ಹಿಡಿದು ಸಿಮೆಂಟನ್ನು ಒಂದೊಂದೇ ಸಂದಿಯಿಂದ ಬಿಡಿಸಿದರು, ಕಲ್ಲಿನ ಅಂಚು ಮುಕ್ಕಾಗದಂತೆ. ಹೊಸ ಗಾರೆ ಬೇಗ ಒಣಗಿ ಬಿರುಕು ಬಿಡಬಾರದೆಂದು ಗೋಡೆಯ ಮೇಲೆ ಗೋಣಿತಟ್ಟು ಇಳಿಬಿಟ್ಟಿದ್ದಾರೆ. ಸಂಜೆ ಅದಕ್ಕೆ ನೀರು ಚಿಮುಕಿಸುವುದು ನನ್ನ ಪಾಲಿನ ಕೆಲಸ.